ಓದುಗರ ಪ್ರಶ್ನೆ: ಗೈಡಿಂಗ್ ಗ್ರಾಫ್ ಕುಣಿಯುತ್ತಿದೆ, ಏನು ಮಾಡಲಿ?

ಮಳೆ ಹಿಂದೆ ಸರಿದು ಆಕಾಶ ತೆರೆದುಕೊಳ್ಳುತ್ತಿದ್ದಂತೆ ಆಕಾಶ ಛಾಯಾಗ್ರಹಣದ ಪ್ರಶ್ನೆಗಳು ಬರಲು ಶುರುವಾಗಿವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಗೈಡಿಂಗ್‌ಗೆ ಸಂಬಂಧಿಸಿದವು. ಪುಟ್ಟ ಕ್ಯಾಮೆರಾವೊಂದು ನಕ್ಷತ್ರವನ್ನು ನೋಡುತ್ತಾ, ಟೆಲಿಸ್ಕೋಪನ್ನು ಆಕಾಶದ ಜೊತೆ ತಿರುಗಿಸುವ ಮೌಂಟ್ ದಾರಿ ತಪ್ಪಿದಾಗಲೆಲ್ಲ ಅದನ್ನು ತಿದ್ದುವ ವ್ಯವಸ್ಥೆಗೆ ಈ ಹೆಸರು. ಇದಕ್ಕೆ ಬಹುತೇಕರು ಬಳಸುವುದು ಪಿಎಚ್‌ಡಿ2 ಎಂಬ ಉಚಿತ ತಂತ್ರಾಂಶ. ಉತ್ತರಗಳೂ ಅದನ್ನೇ ಆಧರಿಸಿವೆ. ಹೊಸಬರಿಗೆ ಕೆಲವು ಪದಗಳು: ಆರ್‌ಎ ಎಂದರೆ ಆಕಾಶದ ಪೂರ್ವ-ಪಶ್ಚಿಮ ದಿಕ್ಕು, ಡೆಕ್ ಎಂದರೆ ಉತ್ತರ-ದಕ್ಷಿಣ. ಡಿಗ್ರಿಯ ಅರವತ್ತನೇ ಒಂದು ಭಾಗ ಆರ್ಕ್‌ಮಿನಿಟ್, ಅದರ ಅರವತ್ತನೇ ಒಂದು ಭಾಗ ಆರ್ಕ್‌ಸೆಕೆಂಡ್. ನಕ್ಷತ್ರ ತನ್ನ ಜಾಗದಿಂದ ಸರಾಸರಿ ಎಷ್ಟು ಅಲುಗಿದೆ ಎಂಬ ಅಳತೆ ಆರ್‌ಎಂಎಸ್, ಕಂಡ ತಪ್ಪಿನಲ್ಲಿ ಎಷ್ಟು ಪಾಲನ್ನು ಒಮ್ಮೆಗೆ ತಿದ್ದಬೇಕು ಎಂಬ ಸೆಟ್ಟಿಂಗ್ ಅಗ್ರೆಸಿವ್‌ನೆಸ್. ಆ ಪುಟ್ಟ ಕ್ಯಾಮೆರಾ ಕೂರುವ ಸಣ್ಣ ಟೆಲಿಸ್ಕೋಪ್ ಗೈಡ್ ಸ್ಕೋಪ್.

ಪ್ರಶ್ನೆ: ಎಚ್‌ಇಕ್ಯೂ5 ಮೌಂಟ್ ಮೇಲೆ 80 ಮಿ.ಮೀ. ವ್ಯಾಸ, 600 ಮಿ.ಮೀ. ನಾಭಿದೂರದ ಟೆಲಿಸ್ಕೋಪ್ ಇದೆ. ಕ್ಯಾಮೆರಾದ ಪಿಕ್ಸೆಲ್ 3.76 ಮೈಕ್ರಾನ್. ಗೈಡ್ ಸ್ಕೋಪ್ 30 ಮಿ.ಮೀ.ನದು, ನಾಭಿದೂರ 120 ಮಿ.ಮೀ. ಆರ್‌ಎಂಎಸ್ ತೋರಿಸುತ್ತಿರುವುದು ಆರ್‌ಎ 1.2, ಡೆಕ್ 0.6 ಆರ್ಕ್‌ಸೆಕೆಂಡ್. ನಕ್ಷತ್ರಗಳು ಪೂರ್ವ-ಪಶ್ಚಿಮಕ್ಕೆ ಉದ್ದವಾಗಿ ಬರುತ್ತಿವೆ. ಅಗ್ರೆಸಿವ್‌ನೆಸ್ ಏರಿಸಿ ಇಳಿಸಿ ನೋಡಿದ್ದಾಯಿತು. ಎಷ್ಟು ಆರ್‌ಎಂಎಸ್ ಬಂದರೆ ಸಾಕು?
— ತುಮಕೂರಿನ ಓದುಗರು

ಉತ್ತರ: ಪಿಕ್ಸೆಲ್ ಗಾತ್ರವನ್ನು 206ರಿಂದ ಗುಣಿಸಿ ನಾಭಿದೂರದಿಂದ ಭಾಗಿಸಿ. ನಿಮ್ಮ ಮುಖ್ಯ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್‌ಗೆ 1.29 ಆರ್ಕ್‌ಸೆಕೆಂಡ್ ಬರುತ್ತದೆ. ಆರ್‌ಎಂಎಸ್ ಈ ಸಂಖ್ಯೆಗಿಂತ ಕಡಿಮೆ ಇರಬೇಕು, ಅರ್ಧಕ್ಕೆ ಇಳಿದರೆ ಒಳ್ಳೆಯದು ಎಂಬುದು ವಾಡಿಕೆಯ ಸೂತ್ರ. ಅದಕ್ಕಿಂತ ಮುಖ್ಯವಾದ ಮಾತೆಂದರೆ ಆರ್‌ಎ ಮತ್ತು ಡೆಕ್ ಎರಡೂ ಹತ್ತಿರ ಹತ್ತಿರ ಇರಬೇಕು.

ಒರಟು ಲೆಕ್ಕವೊಂದನ್ನು ಹಾಕೋಣ. ಗಾಳಿಯ ಕಲಕಾಟದಿಂದಲೇ, ಅಂದರೆ ಸೀಯಿಂಗ್‌ನಿಂದಲೇ, ನಕ್ಷತ್ರ 3 ಆರ್ಕ್‌ಸೆಕೆಂಡ್ ಹರಡಿದೆ ಎಂದಿಟ್ಟುಕೊಳ್ಳಿ. 1.2 ಆರ್‌ಎಂಎಸ್ ಸೇರಿದಾಗ (ಆರ್‌ಎಂಎಸ್ ಅನ್ನು 2.36ರಿಂದ ಗುಣಿಸಿ, ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ) ಆರ್‌ಎ ದಿಕ್ಕಿನಲ್ಲಿ ಅದು 4.1 ಆಗುತ್ತದೆ, 0.6 ಸೇರಿದ ಡೆಕ್ ದಿಕ್ಕಿನಲ್ಲಿ 3.3. ಒಂದಕ್ಕಿಂತ ಇನ್ನೊಂದು ಶೇಕಡ 24ರಷ್ಟು ಉದ್ದ, ಅದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಆರ್‌ಎಯನ್ನು 0.8ಕ್ಕೆ ಇಳಿಸಿದರೆ ವ್ಯತ್ಯಾಸ ಶೇಕಡ 7ಕ್ಕೆ ಬರುತ್ತದೆ, ಆಗ ಯಾರೂ ಗುರುತಿಸುವುದಿಲ್ಲ. ಮುಂದೆ ಎರಡನ್ನೂ 0.5ಕ್ಕೆ ತಂದರೂ ಹರಡುವಿಕೆ 3.2ಕ್ಕಿಂತ ಕಡಿಮೆಯಾಗದು. 0.4 ಬಂತೆಂದು ಸ್ಕ್ರೀನ್‌ಶಾಟ್ ಹಂಚಿಕೊಳ್ಳುವವರನ್ನು ನೋಡಿ ನಿದ್ದೆಗೆಡಬೇಡಿ.

ಸರಿ, ಆರ್‌ಎ ಏಕೆ ಕೆಟ್ಟಿದೆ? ಎಚ್‌ಇಕ್ಯೂ5ರ ಆರ್‌ಎ ಚಕ್ರಕ್ಕೆ 135 ಹಲ್ಲು. ನಕ್ಷತ್ರ ದಿನದ 86,164 ಸೆಕೆಂಡನ್ನು 135ರಿಂದ ಭಾಗಿಸಿದರೆ 638. ಅಂದರೆ ಆ ಚಕ್ರವನ್ನು ತಿರುಗಿಸುವ ತಿರುಪಿನಂಥ ಗೇರ್ ಆದ ವರ್ಮ್ ಒಂದು ಸುತ್ತಿಗೆ 638 ಸೆಕೆಂಡ್ ತೆಗೆದುಕೊಳ್ಳುತ್ತದೆ, ಅದರ ದೋಷವೂ ಅಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆ. ಮೋಟಾರಿನಿಂದ ವರ್ಮ್‌ಗೆ ಚಲನೆ ತಲುಪಿಸುವ ಸಣ್ಣ ಗೇರ್‌ಗಳ ದೋಷ ಬೇರೆಯೇ, ಅದರ ಅವಧಿ 122 ಸೆಕೆಂಡ್. ಎಲ್ಲರೂ ದೂರುವುದು ವರ್ಮ್ ಅನ್ನು. ಅದು ±15 ಆರ್ಕ್‌ಸೆಕೆಂಡ್ ತೂಗಾಡಿದರೂ ಅತಿ ವೇಗದ ಕ್ಷಣದಲ್ಲಿ ಸರಿಯುವುದು ಸೆಕೆಂಡಿಗೆ 0.15 ಆರ್ಕ್‌ಸೆಕೆಂಡ್ ಮಾತ್ರ. 122 ಸೆಕೆಂಡಿನ ಗೇರ್ ಬರೀ ±3 ತೂಗಾಡಿದರೂ ವೇಗ ಅಷ್ಟೇ ಆಗುತ್ತದೆ! ಗೈಡಿಂಗ್‌ಗೆ ಕಷ್ಟ ಕೊಡುವುದು ತೂಗಾಟದ ಅಗಲವಲ್ಲ, ವೇಗ.

ಆದ್ದರಿಂದ ಸೆಟ್ಟಿಂಗ್ ಮುಟ್ಟುವ ಮೊದಲು ಅಳೆಯಿರಿ. ಪಿಎಚ್‌ಡಿ2ರ ಗೈಡಿಂಗ್ ಅಸಿಸ್ಟೆಂಟ್ ತೆರೆದು ಕನಿಷ್ಠ 22 ನಿಮಿಷ, ಅಂದರೆ ವರ್ಮ್‌ನ ಎರಡು ಸುತ್ತು, ಬಿಟ್ಟುಬಿಡಿ. ಅಷ್ಟು ಹೊತ್ತು ಅದು ತಿದ್ದುಪಡಿ ನಿಲ್ಲಿಸಿ ಸುಮ್ಮನೆ ನೋಡುತ್ತಿರುತ್ತದೆ. ಬಳಿಕ ಲಾಗ್ ಕಡತವನ್ನು ಪಿಎಚ್‌ಡಿ2 ಲಾಗ್ ವ್ಯೂವರ್‌ನಲ್ಲಿ ತೆರೆದು ಆ ಭಾಗದ ಆರ್‌ಎ ವಿಶ್ಲೇಷಣೆ ಮಾಡಿಸಿ. ಯಾವ ಅವಧಿಯಲ್ಲಿ ಶಿಖರ ಎದ್ದಿದೆಯೋ ಅಲ್ಲಿ ರೋಗವಿದೆ. ಈ ಹೆಜ್ಜೆ ಬಿಟ್ಟು ಅಗ್ರೆಸಿವ್‌ನೆಸ್ ತಿರುಗಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

122ರಲ್ಲಿ ಶಿಖರ ಕಂಡರೆ ಮದ್ದು ಬೆಲ್ಟ್. ಸಣ್ಣ ಗೇರ್‌ಗಳನ್ನು ತೆಗೆದು ಹಲ್ಲಿನ ಬೆಲ್ಟ್ ಮತ್ತು ಪುಲ್ಲಿ ಕೂಡಿಸುವ ಕಿಟ್ ಈ ಮೌಂಟ್‌ಗೆ ಸಿಗುತ್ತದೆ. ಅಲನ್ ಕೀ ಹಿಡಿಯಲು ಬರುವವರಿಗೆ ಒಂದು ಮಧ್ಯಾಹ್ನದ ಕೆಲಸ. 638ರಲ್ಲಿ ಮಾತ್ರ ಎದ್ದರೆ ಖರ್ಚು ಬೇಡ. ಆರ್‌ಎ ಆಲ್ಗಾರಿದಮ್ ಅನ್ನು ಪ್ರಿಡಿಕ್ಟಿವ್ ಪಿಇಸಿಗೆ ಬದಲಿಸಿ, ಅವಧಿಗೆ 638 ಕೊಟ್ಟು, ಅವಧಿಯನ್ನು ತಾನೇ ಹೊಂದಿಸಿಕೊಳ್ಳುವ ಆಯ್ಕೆಯನ್ನು ಹಾಗೇ ಬಿಡಿ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಬರೆದ ಈ ಆಲ್ಗಾರಿದಮ್ ತಪ್ಪು ಸಂಭವಿಸಿದ ಮೇಲೆ ತಿದ್ದುವುದರ ಜೊತೆಗೆ ಮುಂದೆ ಬರುವ ತಪ್ಪನ್ನೂ ಊಹಿಸುತ್ತದೆ. ಕಲಿಯಲು ಅದಕ್ಕೆ ಸುಮಾರು ಎರಡು ಸುತ್ತು ಬೇಕು, ಮೊದಲ 20 ನಿಮಿಷದ ಗ್ರಾಫ್ ನೋಡಿ ತೀರ್ಪು ಕೊಡಬೇಡಿ. ಯಾವ ಅವಧಿಯಲ್ಲೂ ಶಿಖರವಿಲ್ಲದೆ ಬರೀ ಹುಲ್ಲಿನಂಥ ಗೆರೆಗಳಿದ್ದರೆ ಅದು ಸೀಯಿಂಗ್. ಗೈಡ್ ಕ್ಯಾಮೆರಾದ ಎಕ್ಸ್‌ಪೋಷರ್ 2ರಿಂದ 3-4 ಸೆಕೆಂಡಿಗೆ ಏರಿಸಿ, ಮಿನ್-ಮೂವ್ ಅನ್ನು, ಅಂದರೆ ತಿದ್ದದೆ ಬಿಡಬೇಕಾದ ಸಣ್ಣ ಚಲನೆಯ ಮಿತಿಯನ್ನು, ಅಸಿಸ್ಟೆಂಟ್ ಹೇಳಿದಷ್ಟಕ್ಕೆ ಇಡಿ. ಅಸಿಸ್ಟೆಂಟ್ ತೋರಿಸುವ 'ಹೈ ಫ್ರೀಕ್ವೆನ್ಸಿ' ಚಲನೆಯ ಆರ್‌ಎಂಎಸ್ ಆ ರಾತ್ರಿಯ ತಳ. ಅದಕ್ಕಿಂತ ಕೆಳಗೆ ಇಳಿಸಲು ಯಾವ ಸೆಟ್ಟಿಂಗ್‌ಗೂ ಆಗದು.

ನಿಮ್ಮ ಗೈಡ್ ಸ್ಕೋಪ್ ಕೂಡ ಸ್ವಲ್ಪ ಚಿಕ್ಕದಾಯಿತು. 3.75 ಮೈಕ್ರಾನ್ ಪಿಕ್ಸೆಲ್‌ನ ಗೈಡ್ ಕ್ಯಾಮೆರಾ ಎಂದುಕೊಂಡರೆ ಅದರ ಒಂದು ಪಿಕ್ಸೆಲ್ 6.4 ಆರ್ಕ್‌ಸೆಕೆಂಡ್ ಆಗುತ್ತದೆ. ನಕ್ಷತ್ರದ ನಡುವನ್ನು ಪಿಕ್ಸೆಲ್‌ನ ಹತ್ತನೇ ಒಂದು ಭಾಗದಷ್ಟು ನಿಖರವಾಗಿ ಗುರುತಿಸಿದರೂ ತಪ್ಪು 0.6 ಇರುತ್ತದೆ. ಮಲ್ಟಿ-ಸ್ಟಾರ್ ಆಯ್ಕೆ ಹಾಕಿದರೆ ಹಲವು ನಕ್ಷತ್ರಗಳ ಸರಾಸರಿಯಿಂದ ಇದು ಕಡಿಮೆಯಾಗುತ್ತದೆ, ಮೊದಲು ಅದನ್ನು ಮಾಡಿ. ಮುಂದೆ ಕೊಳ್ಳುವುದಾದರೆ 200 ಮಿ.ಮೀ. ನಾಭಿದೂರದ್ದನ್ನು ನೋಡಿ.

ಪ್ರಶ್ನೆ: ಡೆಕ್ ಗ್ರಾಫ್ ಒಂದು ಬದಿಗೆ ಜಾರಿ ಅಲ್ಲೇ ಕೂರುತ್ತದೆ. ತಿದ್ದುಪಡಿಯ ಪಲ್ಸ್ ಮೇಲೆ ಪಲ್ಸ್ ಹೋದರೂ ಅಲುಗುವುದಿಲ್ಲ. ಆಮೇಲೆ ಒಮ್ಮೆಲೇ ಇನ್ನೊಂದು ಬದಿಗೆ ಹಾರುತ್ತದೆ.
— ಮಂಗಳೂರಿನ ಓದುಗರು

ಉತ್ತರ: ಇದು ಬ್ಯಾಕ್‌ಲ್ಯಾಶ್, ಗೇರ್ ಹಲ್ಲುಗಳ ನಡುವಿನ ಸಡಿಲ. ದಿಕ್ಕು ಬದಲಾದಾಗ ಮೋಟಾರು ಮೊದಲು ಆ ಖಾಲಿ ಜಾಗ ದಾಟಬೇಕು, ಅಲ್ಲಿಯವರೆಗೆ ಟೆಲಿಸ್ಕೋಪ್ ಕದಲುವುದಿಲ್ಲ. ಎಷ್ಟಿದೆ ಎಂಬುದನ್ನು ಗೈಡಿಂಗ್ ಅಸಿಸ್ಟೆಂಟ್ ಮಿಲಿಸೆಕೆಂಡಿನಲ್ಲಿ ಅಳೆದು ಕೊಡುತ್ತದೆ. ಗೈಡ್ ವೇಗ ಆಕಾಶ ತಿರುಗುವ ವೇಗದ 0.5 ಪಟ್ಟು ಇದ್ದರೆ ಸೆಕೆಂಡಿಗೆ 7.5 ಆರ್ಕ್‌ಸೆಕೆಂಡ್, ಹಾಗಾಗಿ 3,000 ಮಿಲಿಸೆಕೆಂಡ್ ಎಂದರೆ 22 ಆರ್ಕ್‌ಸೆಕೆಂಡಿನ ಸಡಿಲ.

ಮೊದಲು ಕೈಯಿಂದ ಪರೀಕ್ಷಿಸಿ. ಎರಡೂ ಕ್ಲಚ್ ಬಿಗಿದು, ಟೆಲಿಸ್ಕೋಪಿನ ತುದಿ ಹಿಡಿದು ಡೆಕ್ ದಿಕ್ಕಿನಲ್ಲಿ ಮೆಲ್ಲಗೆ ಅಲ್ಲಾಡಿಸಿ. 'ಟೊಕ್' ಎಂದು ಕೈಗೆ ತಿಳಿದರೆ ವರ್ಮ್ ಮತ್ತು ಚಕ್ರದ ನಡುವೆ ಅಂತರವಿದೆ, ಇಲ್ಲವೇ ವರ್ಮ್ ತನ್ನ ಬೇರಿಂಗ್‌ನಲ್ಲೇ ಹಿಂದೆ ಮುಂದೆ ಜರುಗುತ್ತಿದೆ. ಎರಡನೆಯದಾಗಿದ್ದರೆ ವರ್ಮ್‌ನ ತುದಿಯ ಮುಚ್ಚಳವನ್ನು ಬಿಗಿ ಮಾಡಬೇಕು. ಅದನ್ನು ಸರಿಪಡಿಸದೆ ಹಲ್ಲುಗಳ ಅಂತರ ಹೊಂದಿಸುವುದು ವ್ಯರ್ಥ ಕೆಲಸ.

ಅಂತರ ಹೊಂದಿಸಲು ವರ್ಮ್ ಕೂತಿರುವ ಭಾಗದಲ್ಲಿ ಎದುರುಬದುರಾಗಿ ಗ್ರಬ್ ಸ್ಕ್ರೂಗಳಿರುತ್ತವೆ. ಒಂದನ್ನು ಎಂಟನೇ ಒಂದು ಸುತ್ತು ಸಡಿಲಿಸಿ, ಎದುರಿನದನ್ನು ಅಷ್ಟೇ ಬಿಗಿಯಿರಿ. ಪ್ರತಿ ಸಲ ತಿರುಗಿಸಿದ ಮೇಲೆ ಪೂರ್ಣ ವೇಗದಲ್ಲಿ ಡೆಕ್ ಅಕ್ಷವನ್ನು ಇಡೀ ಒಂದು ಸುತ್ತು ಓಡಿಸಿ ಕಿವಿಗೊಡಿ. ಚಕ್ರ ಪೂರ್ತಿ ದುಂಡಗಿರುವುದಿಲ್ಲ, ಆದ್ದರಿಂದ ಒಂದು ಕಡೆ ಸರಿಯಾದದ್ದು ಇನ್ನೊಂದು ಕಡೆ ಕಚ್ಚುತ್ತದೆ. ಮೋಟಾರಿನ ಸ್ವರ ದಪ್ಪವಾಗಿ ನರಳಿದಂತೆ ಕೇಳಿದರೆ ಕಚ್ಚುತ್ತಿದೆ ಎಂದರ್ಥ, ಅರ್ಧದಷ್ಟು ಹಿಂದಕ್ಕೆ ಬನ್ನಿ. ಅತಿ ಬಿಗಿ ವರ್ಮ್ ತುಸು ಸಡಿಲ ವರ್ಮ್‌ಗಿಂತ ಕೆಟ್ಟದ್ದು. ಡೆಕ್ ಹಲ್ಲುಗಳು ಸಿಕ್ಕಿಕೊಂಡು ಬಿಡಿಸಿಕೊಂಡು ಜಿಗಿಯುವುದನ್ನು ಯಾವ ತಂತ್ರಾಂಶವೂ ತಿದ್ದದು.

ಇಷ್ಟಾದ ಮೇಲೂ ಮೂರು ಸೆಕೆಂಡಿಗಿಂತ ಹೆಚ್ಚು ಉಳಿದರೆ ಬ್ಯಾಕ್‌ಲ್ಯಾಶ್ ಕಾಂಪೆನ್ಸೇಷನ್ ಹಾಕಿ ಒದ್ದಾಡುವುದರ ಬದಲು ಡೆಕ್ ಅನ್ನು ಒಂದೇ ದಿಕ್ಕಿನಲ್ಲಿ ಗೈಡ್ ಮಾಡಿ. ಇದಕ್ಕೆ ಧ್ರುವ ಹೊಂದಾಣಿಕೆಯನ್ನು, ಅಂದರೆ ಆರ್‌ಎ ಅಕ್ಷ ಧ್ರುವದತ್ತ ನೋಡುವುದನ್ನು, ಬೇಕೆಂದೇ 4-5 ಆರ್ಕ್‌ಮಿನಿಟ್ ತಪ್ಪಿಸಬೇಕು. ಆಗ ನಕ್ಷತ್ರ ಸದಾ ಒಂದೇ ಕಡೆ ಜಾರುತ್ತದೆ, ಗೈಡಿಂಗ್ ಅದನ್ನು ಒಂದೇ ಕಡೆಯಿಂದ ತಳ್ಳುತ್ತದೆ, ಹಲ್ಲುಗಳು ಬಿಟ್ಟುಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಇಲ್ಲಿ ಹಲವರು ಎಡವುವ ಜಾಗವೊಂದಿದೆ. ತಪ್ಪಿಸಬೇಕಾದದ್ದು ಎಡ-ಬಲಕ್ಕೆ, ಮೇಲೆ-ಕೆಳಗಲ್ಲ. ಎತ್ತರದಲ್ಲಿ ತಪ್ಪಿಸಿದರೆ ವಸ್ತು ಮೆರಿಡಿಯನ್ (ನೆತ್ತಿಯ ಮೂಲಕ ಹಾಯುವ ಉತ್ತರ-ದಕ್ಷಿಣ ರೇಖೆ) ದಾಟುತ್ತಿದ್ದಂತೆ ಜಾರುವ ದಿಕ್ಕೇ ತಿರುಗಿಬಿಡುತ್ತದೆ. ಎಡ-ಬಲದ ತಪ್ಪಿನಿಂದ ಬರುವ ಜಾರಿಕೆ ಮೆರಿಡಿಯನ್ನಿನಲ್ಲೇ ಅತಿ ಹೆಚ್ಚು, ಅದರ ಎರಡೂ ಕಡೆ ಗಂಟೆಗಟ್ಟಲೆ ಒಂದೇ ದಿಕ್ಕು. ಗೈಡಿಂಗ್ ನಿಲ್ಲಿಸಿ ನಕ್ಷತ್ರ ಯಾವ ಕಡೆ ಜಾರುತ್ತದೆ ನೋಡಿಕೊಂಡು, ಡೆಕ್ ಗೈಡ್ ಮೋಡ್ ಅನ್ನು ಅದಕ್ಕೆ ಎದುರಿನ ದಿಕ್ಕಿಗೆ ಇಡಿ. ಡಿದರಿಂಗ್ ಅನ್ನು, ಅಂದರೆ ಎರಡು ಚಿತ್ರಗಳ ನಡುವೆ ಟೆಲಿಸ್ಕೋಪನ್ನು ಬೇಕೆಂದೇ ತುಸು ಸರಿಸುವುದನ್ನು, ಆರ್‌ಎಗೆ ಮಾತ್ರ ಸೀಮಿತಗೊಳಿಸಿ, ಇಲ್ಲವಾದರೆ ಪ್ರತಿ ಡಿದರ್ ನಂತರ ಡೆಕ್ ನೆಲೆಗೊಳ್ಳಲು ನಿಮಿಷಗಳೇ ಹಿಡಿಯುತ್ತವೆ.

ಪ್ರಶ್ನೆ: ಮನೆಯ ತಾರಸಿಯಿಂದ ಉತ್ತರಕ್ಕೆ ಅಪಾರ್ಟ್‌ಮೆಂಟ್ ಅಡ್ಡ. ಧ್ರುವ ನಕ್ಷತ್ರ ಕಾಣುವುದೇ ಇಲ್ಲ. ಹೊಂದಾಣಿಕೆ ಹೇಗೆ, ಎಷ್ಟು ನಿಖರವಾಗಿರಬೇಕು?
— ಬೆಂಗಳೂರಿನ ಓದುಗರು

ಉತ್ತರ: ನಮ್ಮ ಅಕ್ಷಾಂಶದಲ್ಲಿ ಇದು ಸಾಮಾನ್ಯ ತೊಂದರೆ. ಬೆಂಗಳೂರಿನಲ್ಲಿ ಧ್ರುವ ಬಿಂದು ದಿಗಂತದಿಂದ 13 ಡಿಗ್ರಿ ಎತ್ತರ, ಬೀದರಿಗೆ ಹೋದರೂ 18 ದಾಟದು. ಕಂಡರೂ ದೂಳು, ಮಬ್ಬು, ಬೀದಿದೀಪ. ವಾಯುಮಂಡಲದ ವಕ್ರೀಭವನವೇ ಆ ಎತ್ತರದಲ್ಲಿ ನಕ್ಷತ್ರವನ್ನು ಸುಮಾರು 4 ಆರ್ಕ್‌ಮಿನಿಟ್ ಮೇಲಕ್ಕೆ ಎತ್ತಿ ತೋರಿಸುತ್ತದೆ.

ಚಿತ್ರ ತೆಗೆಯುವುದನ್ನು ನಿಯಂತ್ರಿಸುವ ನೀನಾ ತಂತ್ರಾಂಶದ ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಪ್ಲಗಿನ್‌ಗೆ ಧ್ರುವ ನಕ್ಷತ್ರ ಬೇಕಿಲ್ಲ. ಆಕಾಶದ ಯಾವುದೋ ತೆರೆದ ಭಾಗದಲ್ಲಿ ಆರ್‌ಎ ಅಕ್ಷವನ್ನು ತಿರುಗಿಸುತ್ತಾ ಮೂರು ಕಡೆ ಚಿತ್ರ ತೆಗೆದು, ನಕ್ಷತ್ರಗಳ ಮಾದರಿಯಿಂದ ಅಕ್ಷ ಎತ್ತ ನೋಡುತ್ತಿದೆ ಎಂದು ಲೆಕ್ಕ ಹಾಕುತ್ತದೆ. ನೀವು ಬೋಲ್ಟ್ ತಿರುಗಿಸಿದಂತೆ ಉಳಿದ ತಪ್ಪನ್ನು ತೋರಿಸುತ್ತಾ ಹೋಗುತ್ತದೆ. ಶುರುವಿಗೆ ಅಕ್ಷಾಂಶ 13ಕ್ಕೆ ಇಟ್ಟು ದಿಕ್ಸೂಚಿಯಿಂದ ಉತ್ತರ ನೋಡಿಕೊಂಡರೆ ಸಾಕು. ದಿಕ್ಸೂಚಿಯನ್ನು ಟ್ರೈಪಾಡ್‌ಗೂ ನೆಲಕ್ಕೂ ತಾಗಿಸಬೇಡಿ, ತಾರಸಿಯ ಕಬ್ಬಿಣ ಅದನ್ನು ಎಳೆಯುತ್ತದೆ.

ನಿಖರತೆಯ ವಿಷಯ: 1 ಆರ್ಕ್‌ಮಿನಿಟ್ ತಪ್ಪಿದ್ದರೆ ಡೆಕ್‌ನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 0.26 ಆರ್ಕ್‌ಸೆಕೆಂಡ್ ಜಾರುತ್ತದೆ. 5 ತಪ್ಪಿದ್ದರೂ 1.3, ಅದು ಗೈಡಿಂಗ್‌ಗೆ ಲೆಕ್ಕಕ್ಕಿಲ್ಲ. ಐದು ನಿಮಿಷದ ಎಕ್ಸ್‌ಪೋಷರ್‌ನಲ್ಲಿ ಗೈಡ್ ನಕ್ಷತ್ರದಿಂದ 2,500 ಪಿಕ್ಸೆಲ್ ದೂರದ ಮೂಲೆಯಲ್ಲೂ ಚಿತ್ರ ತಿರುಗುವುದು ಪಿಕ್ಸೆಲ್‌ನ ಹತ್ತನೇ ಒಂದು ಭಾಗದಷ್ಟೂ ಇರದು, ಧ್ರುವಕ್ಕೆ ತೀರ ಹತ್ತಿರದ ವಸ್ತುಗಳನ್ನು ಬಿಟ್ಟರೆ. ಒಂದೆರಡು ಆರ್ಕ್‌ಮಿನಿಟ್ ಒಳಗೆ ಬಂತೆಂದರೆ ಕೈ ತೊಳೆದುಕೊಂಡು ಚಿತ್ರ ತೆಗೆಯಲು ಶುರುಮಾಡಿ.

ಇಷ್ಟು ಕಡಿಮೆ ಅಕ್ಷಾಂಶದಲ್ಲಿ ಇನ್ನೆರಡು ತಾಪತ್ರಯಗಳಿವೆ. ಆರ್‌ಎ ಅಕ್ಷ ಹೆಚ್ಚುಕಡಿಮೆ ಮಲಗಿರುವುದರಿಂದ ಕೌಂಟರ್‌ವೇಟ್ ದಂಡ ಉತ್ತರದ ಟ್ರೈಪಾಡ್ ಕಾಲಿಗೆ ಬಡಿಯಬಹುದು. ಮೊದಲ ಸಲ ಕೈಯಿಂದ ಪೂರ್ತಿ ತಿರುಗಿಸಿ ನೋಡಿ. ಎರಡನೆಯದು ಎತ್ತರದ ಬೋಲ್ಟ್: ಭಾರವೆಲ್ಲ ಅದರ ಮೇಲಿರುತ್ತದೆ, ಟೆಲಿಸ್ಕೋಪ್ ಹೇರಿಕೊಂಡೇ ಬಲವಂತವಾಗಿ ತಿರುಗಿಸಿದರೆ ಬಾಗುತ್ತದೆ. ಎದುರಿನ ಬೋಲ್ಟ್ ಸಡಿಲಿಸಿ, ಒಂದು ಕೈಯಿಂದ ಭಾರ ತುಸು ಎತ್ತಿ ಹಿಡಿದು ತಿರುಗಿಸಿ. ಕೊನೆಯ ಚಲನೆ ಮೇಲ್ಮುಖವಾಗಿರಲಿ. ತಾರಸಿಯಲ್ಲಿ ಟ್ರೈಪಾಡ್ ಇಡುವುದು ನಡುಭಾಗದಲ್ಲಲ್ಲ, ಬೀಮ್ ಇಲ್ಲವೇ ಕಂಬದ ನೆತ್ತಿಯಲ್ಲಿ.

ಪ್ರಶ್ನೆ: ಗ್ರಾಫ್ 0.6, ನೋಡಲು ಬಲು ಚೆಂದ. ಆದರೂ ಐದು ನಿಮಿಷದ ಚಿತ್ರದಲ್ಲಿ ಎಲ್ಲ ನಕ್ಷತ್ರಗಳೂ ಒಂದೇ ಓರೆಯಲ್ಲಿ ಉದ್ದವಾಗಿವೆ.
— ಶಿವಮೊಗ್ಗದ ಓದುಗರು

ಉತ್ತರ: ಗೈಡ್ ಸ್ಕೋಪ್ ಒಂದು ಕಡೆ, ಮುಖ್ಯ ಟೆಲಿಸ್ಕೋಪ್ ಇನ್ನೊಂದು ಕಡೆ ನೋಡುತ್ತಾ ಹೋಗುತ್ತಿವೆ. ಡಿಫರೆನ್ಷಿಯಲ್ ಫ್ಲೆಕ್ಷರ್ ಎನ್ನುವುದು ಇದನ್ನೇ. ಖಚಿತಪಡಿಸಿಕೊಳ್ಳಲು ಡಿದರಿಂಗ್ ನಿಲ್ಲಿಸಿ ಒಂದು ಗಂಟೆ ಚಿತ್ರ ತೆಗೆಯಿರಿ. ಮೊದಲ ಮತ್ತು ಕೊನೆಯ ಚಿತ್ರಗಳಲ್ಲಿ ಒಂದೇ ನಕ್ಷತ್ರದ ಸ್ಥಾನ ಹೋಲಿಸಿ. ಗಂಟೆಗೆ 10 ಪಿಕ್ಸೆಲ್ ಸರಿದಿದ್ದರೆ ಐದು ನಿಮಿಷಕ್ಕೆ 0.8 ಪಿಕ್ಸೆಲ್, ನಿಮ್ಮ ಉದ್ದನೆಯ ನಕ್ಷತ್ರಗಳಿಗೆ ಕಾರಣ ಅದೇ.

ಸಾಮಾನ್ಯ ಅಪರಾಧಿ ಗೈಡ್ ಸ್ಕೋಪನ್ನು ಹಿಡಿದಿರುವ ನೈಲಾನ್ ತುದಿಯ ಮೂರು ಸ್ಕ್ರೂಗಳ ಉಂಗುರ. ನೈಲಾನ್ ಒತ್ತಡಕ್ಕೆ ಬಾಗುತ್ತದೆ. ಕೊಳವೆಯನ್ನು ಸುತ್ತಲೂ ಅಪ್ಪಿ ಹಿಡಿಯುವ ಎರಡು ಗಟ್ಟಿ ಉಂಗುರ ಹಾಕಿ. ಬಳಿಕ ನೋಡಬೇಕಾದದ್ದು ಮುಖ್ಯ ಟೆಲಿಸ್ಕೋಪಿನ ಫೋಕಸರ್, ಕ್ಯಾಮೆರಾದ ಭಾರಕ್ಕೆ ಅದು ಜಗ್ಗುತ್ತಿರಬಹುದು. ಫೈಂಡರ್ ಷೂಗೆ ಸಿಕ್ಕಿಸಿದ ಗೈಡ್ ಸ್ಕೋಪ್ ಆಗಿದ್ದರೆ ಷೂ ಸ್ಕ್ರೂಗಳನ್ನೂ ಬಿಗಿ ಮಾಡಿ. ನಾಭಿದೂರ 1,000 ಮಿ.ಮೀ. ದಾಟಿದವರು ಇವೆಲ್ಲ ಮಾಡುತ್ತಾ ಕೂರುವುದಕ್ಕಿಂತ ಆಫ್-ಆ್ಯಕ್ಸಿಸ್ ಗೈಡರ್‌ಗೆ ಹೋಗುವುದು ಲೇಸು. ಅಲ್ಲಿ ಎರಡೂ ಕ್ಯಾಮೆರಾ ಒಂದೇ ಟೆಲಿಸ್ಕೋಪಿನ ಮೂಲಕ ನೋಡುತ್ತವೆ.

ಪ್ರಶ್ನೆ: ಹೊಸದಾಗಿ ಹಾರ್ಮೋನಿಕ್ ಡ್ರೈವ್ ಮೌಂಟ್ ಕೊಂಡೆ. ಹಳೆಯ ಮೌಂಟ್‌ನ 3 ಸೆಕೆಂಡ್ ಎಕ್ಸ್‌ಪೋಷರನ್ನೇ ಇಟ್ಟಿದ್ದೇನೆ. ಗೈಡಿಂಗ್ ಹಳೆಯದಕ್ಕಿಂತ ಕೆಟ್ಟದಾಗಿದೆ.
— ಹುಬ್ಬಳ್ಳಿಯ ಓದುಗರು

ಉತ್ತರ: ಹಳೆಯ ಎಕ್ಸ್‌ಪೋಷರನ್ನೇ ಇಡುವಂತಿಲ್ಲ. ವರ್ಮ್ ಬದಲು ಬಾಗುವ ಹಲ್ಲಿನ ಉಂಗುರದಿಂದ ತಿರುಗುವ ಈ ಮೌಂಟ್‌ಗಳಿಗೆ ಬ್ಯಾಕ್‌ಲ್ಯಾಶ್ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಆರ್‌ಎ ತೂಗಾಟ ಹೆಚ್ಚು. ಉದಾಹರಣೆಗೆ 430 ಸೆಕೆಂಡಿನಲ್ಲಿ ±20 ಆರ್ಕ್‌ಸೆಕೆಂಡ್ ತೂಗಾಡಿದರೆ ಸೆಕೆಂಡಿಗೆ 0.29 ಸರಿಯುತ್ತದೆ. ನೀವು 3 ಸೆಕೆಂಡ್ ಕಾಯುವಷ್ಟರಲ್ಲಿ ಸುಮಾರು 0.9 ಹೋಗಿಯೇ ಹೋಯಿತು. ಎಕ್ಸ್‌ಪೋಷರ್ 0.5ರಿಂದ 1 ಸೆಕೆಂಡಿಗೆ ಇಳಿಸಿ, ಮಲ್ಟಿ-ಸ್ಟಾರ್ ಹಾಕಿ. ಅಷ್ಟು ಕಡಿಮೆ ಸಮಯದಲ್ಲಿ ಒಂದೇ ನಕ್ಷತ್ರವನ್ನು ನೆಚ್ಚಿದರೆ ಸೀಯಿಂಗ್ ಹಿಂದೆ ಓಡುತ್ತೀರಿ.

ಪ್ರಶ್ನೆ: ಇಲ್ಲಿ ಧ್ರುವ ನಕ್ಷತ್ರವಿಲ್ಲ. ಸಿಗ್ಮಾ ಆಕ್ಟಂಟಿಸ್ ಹುಡುಕಿ ಸಾಕಾಗಿದೆ. ಕ್ಯಾಲಿಬ್ರೇಷನ್ ಎಲ್ಲಿ ಮಾಡಬೇಕು ಎಂಬುದೂ ಗೊಂದಲ.
— ಮೆಲ್ಬರ್ನ್‌ನಲ್ಲಿರುವ ಕನ್ನಡಿಗರು

ಉತ್ತರ: ಆ ನಕ್ಷತ್ರದ ಕಾಂತಿಮಾನ 5.4, ದಕ್ಷಿಣ ಧ್ರುವದಿಂದ ಒಂದು ಡಿಗ್ರಿಗಿಂತ ತುಸು ಹೆಚ್ಚು ದೂರ. ನಗರದಿಂದ ಬರಿಗಣ್ಣಿಗೆ ಸಿಗುವ ಮಾತೇ ಇಲ್ಲ. ಬೆಂಗಳೂರಿನವರಿಗೆ ಹೇಳಿದ ಮೂರು ಬಿಂದುಗಳ ವಿಧಾನವೇ ನಿಮಗೂ ಸಲ್ಲುತ್ತದೆ.

ಪಲ್ಸ್ ಕೊಟ್ಟಾಗ ನಕ್ಷತ್ರ ಎತ್ತ, ಎಷ್ಟು ಸರಿಯುತ್ತದೆ ಎಂದು ತಂತ್ರಾಂಶ ಕಲಿಯುವ ಕ್ಯಾಲಿಬ್ರೇಷನ್ ಮಾತ್ರ ಉತ್ತರವಾಗಲಿ ದಕ್ಷಿಣವಾಗಲಿ ಒಂದೇ: ಖಗೋಳ ವಿಷುವದ್ವೃತ್ತದ ಹತ್ತಿರ, ಅಂದರೆ ಡೆಕ್ 0 ಆಸುಪಾಸು, ಮೆರಿಡಿಯನ್ನಿಗೆ ಸಮೀಪ. ಮಹಾವ್ಯಾಧನ ನಡುಪಟ್ಟಿಯ ನಕ್ಷತ್ರಗಳು ಅಲ್ಲೇ ಇವೆ. ಧ್ರುವದ ಕಡೆ ಹೋದಷ್ಟೂ ಆರ್‌ಎ ಚಲನೆ ಕುಗ್ಗುತ್ತದೆ, 69 ಡಿಗ್ರಿಯಲ್ಲಿ ಮೂರನೇ ಒಂದು ಭಾಗವಷ್ಟೇ ಉಳಿಯುತ್ತದೆ. ಅಲ್ಲಿ ಮಾಡಿದ ಕ್ಯಾಲಿಬ್ರೇಷನ್ನೂ ನಂಬಲರ್ಹವಲ್ಲ, ಅಲ್ಲಿ ಬಂದ ಚೆಂದದ ಆರ್‌ಎ ಗ್ರಾಫೂ ನಂಬಲರ್ಹವಲ್ಲ. ಪ್ರತಿ ದಿಕ್ಕಿಗೆ 8ರಿಂದ 12 ಹೆಜ್ಜೆ ಬರುವಂತೆ ಸ್ಟೆಪ್ ಇಡಿ. ಆಸ್ಕಾಂ ಎಂಬ ಡ್ರೈವರ್ ತಂತ್ರಾಂಶದ ಮೂಲಕ ಮೌಂಟನ್ನು ಕಂಪ್ಯೂಟರಿಗೆ ಜೋಡಿಸಿದ್ದರೆ ಟೆಲಿಸ್ಕೋಪ್ ಎತ್ತ ನೋಡುತ್ತಿದೆ ಎಂಬುದು ಪಿಎಚ್‌ಡಿ2ಕ್ಕೆ ಗೊತ್ತಾಗುತ್ತದೆ, ಬೇರೆ ವಸ್ತುವಿಗೆ ಹೋದಾಗ ಮತ್ತೆ ಕ್ಯಾಲಿಬ್ರೇಟ್ ಮಾಡುವ ಅಗತ್ಯವಿಲ್ಲ. ಬರೀ ಪಲ್ಸ್ ಕಳಿಸುವ ಎಸ್‌ಟಿ-4 ತಂತಿ ಮಾತ್ರ ಇದ್ದರೆ ಈ ಅನುಕೂಲವಿಲ್ಲ.

ವಸ್ತು ಮೆರಿಡಿಯನ್ ದಾಟಿದಾಗ ಮೌಂಟ್ ಟೆಲಿಸ್ಕೋಪನ್ನು ಇನ್ನೊಂದು ಬದಿಗೆ ಹೊರಳಿಸುವ ಮೆರಿಡಿಯನ್ ಫ್ಲಿಪ್ ಆದ ಕೂಡಲೇ ಡೆಕ್ ಒಂದೇ ಕಡೆ ಓಡಿಹೋಗಿ ಗೈಡಿಂಗ್ ಕೈಬಿಟ್ಟರೆ, 'ಫ್ಲಿಪ್ ನಂತರ ಡೆಕ್ ತಿರುವು-ಮುರುವು' ಎಂಬ ಟಿಕ್ ನಿಮ್ಮ ಮೌಂಟ್‌ಗೆ ತದ್ವಿರುದ್ಧವಾಗಿದೆ. ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಹಾಕಿ.

ಪ್ರಶ್ನೆ: ಅರ್ಧ ಗಂಟೆ ಎಲ್ಲ ಸುಗಮ, ನಡುವೆ ಹಠಾತ್ತನೆ 5-6 ಆರ್ಕ್‌ಸೆಕೆಂಡಿನ ನೆಗೆತ. ಯಾವ ಅವಧಿಗೂ ಸಿಗುವುದಿಲ್ಲ.
— ಹಾಸನದ ಓದುಗರು

ಉತ್ತರ: ಅವಧಿಗೆ ಸಿಗದಿದ್ದರೆ ಗೇರ್ ಅನ್ನು ಬಿಟ್ಟುಬಿಡಿ. ಕ್ಯಾಮೆರಾದಿಂದ ನೇರವಾಗಿ ಕೆಳಕ್ಕೆ ಜೋತುಬಿದ್ದ ಯುಎಸ್‌ಬಿ ಕೇಬಲ್ ಎಲ್ಲೋ ತಗುಲಿ ಬಿಟ್ಟುಕೊಳ್ಳುತ್ತಿರಬೇಕು. ಕೇಬಲ್‌ಗಳನ್ನೆಲ್ಲ ಟೆಲಿಸ್ಕೋಪ್ ಕೂರುವ ಸ್ಯಾಡಲ್ ಹತ್ತಿರ ಕಟ್ಟಿ, ಅಲ್ಲಿಂದ ಸಡಿಲವಾದ ಒಂದೇ ಕುಣಿಕೆಯಾಗಿ ಕೆಳಗಿಳಿಸಿ. ಕಟ್ಟಿದ ಮೇಲೆ ಟೆಲಿಸ್ಕೋಪನ್ನು ಆಕಾಶದ ಮೂಲೆಮೂಲೆಗೂ ತಿರುಗಿಸಿ, ಎಲ್ಲೂ ಬಿಗಿಯುತ್ತಿಲ್ಲವೇ ನೋಡಿ.

ಬ್ಯಾಟರಿಯಿಂದ ನಡೆಸುವವರು ವೋಲ್ಟೇಜನ್ನೂ ನೋಡಬೇಕು. ಮೌಂಟ್, ಕ್ಯಾಮೆರಾದ ತಂಪುಕಾರಕ, ಇಬ್ಬನಿ ಹೀಟರ್ ಎಲ್ಲವನ್ನೂ ಒಂದೇ 12 ವೋಲ್ಟ್ ಬ್ಯಾಟರಿಗೆ ಸಿಕ್ಕಿಸಿದರೆ ನಡುರಾತ್ರಿಯ ಹೊತ್ತಿಗೆ ಅದು 11.5ರ ಕೆಳಗೆ ಇಳಿಯುತ್ತದೆ, ಮೋಟಾರು ಹೆಜ್ಜೆ ತಪ್ಪುತ್ತದೆ. ಮೌಂಟ್‌ನ ಕೆಂಪು ದೀಪ ಮಿಟುಕತೊಡಗಿದರೆ ಇದೇ ಎಂದು ತಿಳಿಯಿರಿ. ಮೌಂಟ್‌ಗೆ ಬೇರೆ ಬ್ಯಾಟರಿ ಕೊಡಿ.

ಸಮತೋಲನವನ್ನೂ ಒಮ್ಮೆ ಪರೀಕ್ಷಿಸಿ. ವರ್ಮ್ ಗೇರ್ ಮೌಂಟ್‌ನಲ್ಲಿ ಆರ್‌ಎಯ ಪೂರ್ವದ ಬದಿ ಒಂದಿಷ್ಟು ಭಾರವಾಗಿದ್ದರೆ ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ. ಫ್ಲಿಪ್ ಆದ ಮೇಲೆ ಪೂರ್ವದ ಬದಿಗೆ ಬರುವುದು ಇನ್ನೊಂದು ತುದಿ, ಆದ್ದರಿಂದ ಕೌಂಟರ್‌ವೇಟನ್ನು ಕೆಲವು ಮಿ.ಮೀ. ಸರಿಸಬೇಕಾಗುತ್ತದೆ. ಕರೀನಾ ನೆಬ್ಯುಲಾದಂಥ ವಸ್ತುವಿನ ಮೇಲೆ ಈ ನೆಗೆತ ನೋಡಿದ್ದರೆ ಇನ್ನೊಂದು ಮಾತು. ಹಾಸನದಿಂದ ಅದು ದಕ್ಷಿಣದಲ್ಲಿ ಮೇಲೇರುವುದು 17 ಡಿಗ್ರಿ ಮಾತ್ರ. ಅಲ್ಲಿ ಸೀಯಿಂಗ್ ನೆತ್ತಿಯ ಮೇಲಿನದರ ಸುಮಾರು ಎರಡು ಪಟ್ಟು ಕೆಟ್ಟಿರುತ್ತದೆ, ಮೌಂಟ್ ಅನ್ನು ದೂರಿ ಫಲವಿಲ್ಲ. ನೆಗೆತ ಬಂದ ಸಮಯವನ್ನು ಲಾಗ್‌ನಲ್ಲಿ ನೋಡಿಕೊಂಡು ಆ ಒಂದು ಚಿತ್ರವನ್ನು ಸ್ಟ್ಯಾಕಿಂಗ್‌ನಿಂದ, ಅಂದರೆ ಚಿತ್ರಗಳನ್ನು ಒಂದರ ಮೇಲೊಂದು ಸೇರಿಸುವಾಗ, ತೆಗೆದುಹಾಕಿ, ಉಳಿದವು ಕೆಡುವುದಿಲ್ಲ.